20 ಲೀಟರ್ ಹಾಲು ಕೊಡುವ ಪೈಲ್ವಾನ

ನಮ್ಮ ಮನೆಯ ಜಗಳಗಳು ಸಾಮಾನ್ಯವಾಗಿ ಹುಳಿಗೆ ಉಪ್ಪು ಹೆಚ್ಚಾಯಿತು ಎಂಬಲ್ಲಿಂದ ಶುರುವಾಗುತ್ತವೆ. ಕಳೆದ ಡಿಸೆಂಬರಿನದು ಮಾತ್ರ ಬಾಲಕ್ಕೆ ಬೆಂಕಿ ಹೊತ್ತಿಸಿಕೊಂಡ ಒಂದು ಓತಿಕ್ಯಾತದಿಂದ ಶುರುವಾಯಿತು.

ನ್ಯೂಜೆರ್ಸಿಯಲ್ಲಿರುವ ದೊಡ್ಡಕ್ಕನ ಮಗ ಎರಡು ವಾರದ ರಜೆಗೆ ಶಿವಮೊಗ್ಗಕ್ಕೆ ಬಂದಿದ್ದ. ಅಲ್ಲಿಂದ ಬರುವವರೆಲ್ಲ ತರುವ ಬಾದಾಮಿ, ಚಾಕೊಲೇಟು, ನನಗೆಂದು ಎರಡು ಸೈಜು ದೊಡ್ಡದಾದ ಒಂದು ಜಾಕೆಟ್ಟು ತಂದಿದ್ದ. ನನ್ನ 11 ವರ್ಷದ ಮಗನಿಗೆ ಮಾತ್ರ ತಾನು ಹುಡುಗನಾಗಿದ್ದಾಗ ಆಡುತ್ತಿದ್ದ ನಿಂಟೆಂಡೊ ಡಿಎಸ್ಸನ್ನೇ ತಂದುಕೊಟ್ಟ. ಪುಸ್ತಕದ ಹಾಗೆ ತೆರೆದು ಮುಚ್ಚುವ ಎರಡು ಪರದೆಯ ಡಬ್ಬಿ. ಒಳಗೆ ಅಂಚೆಚೀಟಿಯಷ್ಟಗಲದ ಕಾರ್ಟ್ರಿಡ್ಜು. ಆಟದ ಹೆಸರು ಪೋಕೆಮಾನ್ ಹಾರ್ಟ್‌ಗೋಲ್ಡ್.

ಮರುದಿನ ಬೆಳಗ್ಗೆ ದೋಸೆಯ ಮುಂದೆ ಕೂತು ಮಗ ಕೇಳಿದ: "ಭಾವ, ಇದ್ರಲ್ಲಿ ಎಲ್ಲಕ್ಕಿಂತ ಉಪಯೋಗದ್ದು ಯಾವ್ದು? ಚಾರಿಜಾರ್ಡ್ ಅಲ್ವಾ?"

"ಸ್ಟ್ರಾಂಗ್ ಯಾವ್ದು ಅಂತ ಕೇಳ್ತಿದೀಯೋ, ಉಪಯೋಗದ್ದು ಯಾವ್ದು ಅಂತ ಕೇಳ್ತಿದೀಯೋ?" ಅಂದ ಅಳಿಯ.

ದೋಸೆ ಆರಿತು. ಚರ್ಚೆ ಆರಲಿಲ್ಲ.

ಈ ಲೋಕದ ಗಂಧಗಾಳಿ ಇಲ್ಲದವರಿಗೆ ಎರಡು ಮಾತು. ಟೋಕಿಯೊ ಹೊರವಲಯದ ಮಚಿದಾದಲ್ಲಿ ಬೆಳೆದ ಸತೋಶಿ ತಾಜಿರಿ ಎಂಬವರಿಗೆ ಹುಡುಗನಾಗಿದ್ದಾಗ ಹುಳ ಹಿಡಿಯುವ ಹುಚ್ಚು. ದೊಡ್ಡವರಾಗುವ ಹೊತ್ತಿಗೆ ಊರು ಬೆಳೆದು ಹುಳಗಳಿಗೆ ಜಾಗ ಇಲ್ಲದಂತಾಯಿತು. ಗೇಮ್‌ಬಾಯ್ ಎಂಬ ಆಟದ ಯಂತ್ರಗಳೆರಡನ್ನು ಜೋಡಿಸುವ ಕೇಬಲನ್ನು ನೋಡಿದಾಗ ಅವರಿಗೆ ಅದರ ಮೇಲೆ ಹುಳಗಳು ಆ ಕಡೆಯಿಂದ ಈ ಕಡೆಗೆ ಹರಿದಾಡುವಂತೆ ಕಂಡಿತಂತೆ. 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ಬಿಡುಗಡೆಯಾದ ಪಾಕೆಟ್ ಮಾನ್ಸ್‌ಟರ್ಸ್, ಅಂದರೆ ಪೋಕೆಮಾನ್, ಹುಟ್ಟಿದ್ದು ಹಾಗೆ. ಕಾಡುಮೇಡು ಅಲೆದು ಪ್ರಾಣಿಗಳನ್ನು ಚೆಂಡಿನೊಳಗೆ ಹಿಡಿಯಬೇಕು, ಸಾಕಬೇಕು, ಕಾದಾಡಿಸಬೇಕು. ಮೊದಲ ಆಟದಲ್ಲಿ 151 ಜೀವಿಗಳಿದ್ದವು. ಈಗ ಸಾವಿರ ದಾಟಿವೆ.

ಇದು ನಮಗೆ ಹೊಸದೇನಲ್ಲ. ಅಪ್ಪ ಶಿಕಾರಿಪುರದ ಕಡೆ ಮೇಷ್ಟ್ರಾಗಿದ್ದಾಗ ನಮ್ಮ ಚಡ್ಡಿ ಜೇಬಿನಲ್ಲೂ ಒಂದೊಂದು ಬೆಂಕಿಪೊಟ್ಟಣ ಇರುತ್ತಿತ್ತು. ಅದರೊಳಗೆ ಜಾಲಿ ಸೊಪ್ಪು, ಸೊಪ್ಪಿನ ಮೇಲೆ ಹಸಿರಾಗಿ ಮಿರಮಿರ ಮಿಂಚುವ ಜೀರ್ಜಿಂಬೆ. ಯಾರದು ಹೆಚ್ಚು ಮಿಂಚುತ್ತದೆ, ಯಾರದು ಮೊಟ್ಟೆ ಇಟ್ಟಿದೆ ಎಂದು ಶಾಲೆಯ ಹಿಂದೆ ನಡೆಯುತ್ತಿದ್ದ ವಾದಗಳಲ್ಲಿ ಸ್ನೇಹಗಳು ಮುರಿದಿವೆ. ಜೀರ್ಜಿಂಬೆಯಿಂದ ಏನು ಉಪಯೋಗ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಪೋಕೆಮಾನಿನಲ್ಲಿ ಕೇಳಲೇಬೇಕಾಗುತ್ತದೆ. ಏಕೆಂದರೆ ಎಷ್ಟು ಸಾವಿರ ಇದ್ದರೂ ಜತೆಗೆ ಕರೆದೊಯ್ಯಬಹುದಾದದ್ದು ಆರನ್ನು. ಒಂದೊಂದಕ್ಕೂ ಬರುವ ವಿದ್ಯೆ ನಾಲ್ಕೇ ನಾಲ್ಕು. ಮದುವೆ ವ್ಯಾನಿಗೆ ಜನ ಹತ್ತಿಸುವಾಗ ಆಗುವ ಎಲ್ಲ ಮನಸ್ತಾಪಗಳೂ ಇಲ್ಲಿ ಆಗುತ್ತವೆ.

ಮಗನ ವಾದ ಸರಳ. ಚಾರಿಜಾರ್ಡ್, ಅಂದರೆ ಆ ಓತಿಕ್ಯಾತ, ಬೆಂಕಿ ಉಗುಳುತ್ತದೆ, ರೆಕ್ಕೆ ಇದೆ, ನೋಡಲು ಗತ್ತಾಗಿದೆ.

"ಮೊದಲ್ನೇ ಗೇಮಲ್ಲಿ ಅದಕ್ಕೆ ಹಾರೋಕೇ ಬರ್ತಿರ್ಲಿಲ್ಲ," ಅಂದ ಅಳಿಯ.

ಮಗ ಚಟ್ನಿಯಲ್ಲಿ ಬೆರಳಿಟ್ಟುಕೊಂಡು ಹಾಗೇ ಕೂತ. ನಿಜವೇ. ಕೆಂಪು ಮತ್ತು ನೀಲಿ ಆವೃತ್ತಿಗಳಲ್ಲಿ ಚಾರಿಜಾರ್ಡಿಗೆ ಎರಡು ರೆಕ್ಕೆ ಇತ್ತು, ಕಾಗದಪತ್ರದಲ್ಲಿ "ಹಾರುವ ಜಾತಿ" ಎಂಬ ದಾಖಲೆಯೂ ಇತ್ತು, ಹಾರುವ ವಿದ್ಯೆ ಮಾತ್ರ ಕಲಿಯುವಂತಿರಲಿಲ್ಲ. 1998ರಲ್ಲಿ ಬಂದ ಹಳದಿ ಆವೃತ್ತಿಯಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಸರಿಪಡಿಸಿದರು. ಮೇಲಾಗಿ ಚಾರಿಜಾರ್ಡಿನ ಮರಿ ಚಾರ್ಮ್ಯಾಂಡರನ್ನು ನೆಚ್ಚಿಕೊಂಡು ಹೊರಟವನಿಗೆ ಮೊದಲ ಪದಕದ ಪಂದ್ಯದಲ್ಲೇ ಎದುರಾಗುವವನು ಬ್ರಾಕ್. ಅವನ ಬಳಿ ಇರುವುದೆಲ್ಲ ಬಂಡೆಗಳು. ಬಂಡೆಗೆ ಬೆಂಕಿ ಹಚ್ಚಿದರೆ ಸಿಗುವುದು ಬಿಸಿ ಬಂಡೆ. ಅವನನ್ನು ಹೇಗೋ ದಾಟಿದರೆ ಮುಂದಿನವಳು ಮಿಸ್ಟಿ, ಅವಳದೆಲ್ಲ ನೀರು. ಬೆನ್ನ ಮೇಲೆ ಗೆಡ್ಡೆ ಹೊತ್ತ ಕಪ್ಪೆಯಂಥ ಬಲ್ಬಸಾರನ್ನು ಆರಿಸಿಕೊಂಡ ಹುಡುಗ ಈ ಇಬ್ಬರನ್ನೂ ಶಿಳ್ಳೆ ಹಾಕಿಕೊಂಡು ದಾಟುತ್ತಾನೆ. ಆದರೆ ಗೆಡ್ಡೆ ಹೊತ್ತ ಕಪ್ಪೆಯ ಚಿತ್ರವಿರುವ ಟೀ ಶರ್ಟನ್ನು ನನ್ನ ಮಗ ಈವರೆಗೆ ಕೇಳಿಲ್ಲ.

ಒಳಗೆ ಹೂಬತ್ತಿ ಹೊಸೆಯುತ್ತಿದ್ದ ಅಮ್ಮ ಅಲ್ಲಿಂದಲೇ ಒಂದು ಮಾತು ಎಸೆದಳು: "ಸುಬ್ರಹ್ಮಣ್ಯಂಗೆ ಹಾರೋ ನವಿಲಿತ್ತು, ಗಣಪತಿಗೆ ಬರೀ ಇಲಿ. ಹಣ್ಣು ಸಿಕ್ಕಿದ್ದು ಯಾರಿಗೆ?"

"ಅಜ್ಜಿ, ಅದ್ರಲ್ಲಿ ಇಲಿದೇನೂ ಇಲ್ಲ. ಅದು ಟ್ರೈನರ್ ತಲೆ," ಅಂದ ಅಳಿಯ.

ಈ ಅಳಿಯ ಬರೀ ಆಡುವವನಲ್ಲ, ಪಂದ್ಯಗಳನ್ನು ಅಭ್ಯಾಸ ಮಾಡಿದವನು. ಎರಡೆರಡು ಪ್ರಾಣಿಗಳನ್ನು ಒಟ್ಟಿಗೆ ಇಳಿಸಿ ಆಡುವ ಜೋಡಿ ಪಂದ್ಯಗಳಲ್ಲಿ ಅವನ ಪ್ರಕಾರ ಉಪಯೋಗಕ್ಕೆ ಇನ್ನೊಂದು ಹೆಸರು ಇನ್ಸಿನರೋರ್. 2016ರ ಸನ್ ಮತ್ತು ಮೂನ್ ಆಟಗಳಲ್ಲಿ ಬಂದ ಬೆಂಕಿ ಹುಲಿ ಅದು, ಎರಡು ಕಾಲಿನ ಮೇಲೆ ನಿಂತು ಜಗಜಟ್ಟಿಯ ಹಾಗೆ ಸೊಂಟಕ್ಕೆ ಕೈಕೊಟ್ಟಿರುತ್ತದೆ. ಅದರ ಹೊಡೆತದಿಂದ ಹೆಸರಾಯಿತು ಎಂದುಕೊಂಡಿರೋ, ಅಲ್ಲ. ಅಂಗಳಕ್ಕೆ ಕಾಲಿಟ್ಟರೆ ಸಾಕು, ಬರೀ ಗುರಾಯಿಸುವುದರಿಂದಲೇ ಎದುರಿಗಿರುವ ಇಬ್ಬರ ಕಸುವೂ ಇಳಿಯುತ್ತದೆ. ಬಂದ ಕೂಡಲೇ ಒಬ್ಬನ ಮುಖದ ಮುಂದೆ ಚಪ್ಪಾಳೆ ತಟ್ಟಿ ಬೆಚ್ಚಿಬೀಳಿಸಿ ಆ ಸರದಿ ಹಾಳು ಮಾಡುತ್ತದೆ. ಆಮೇಲೆ ಹೋಗುತ್ತ ಹೋಗುತ್ತ ಒಂದು ಚುಚ್ಚುಮಾತು ಆಡಿ, ಎದುರಾಳಿಯ ಬಲವನ್ನು ಇನ್ನಷ್ಟು ಇಳಿಸಿ, ತಾನು ಹಿಂದೆ ಸರಿದು ಬೇರೊಬ್ಬನನ್ನು ಮುಂದೆ ಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತದೆ, ಮತ್ತೆ ಗುರಾಯಿಸುತ್ತದೆ.

ನನಗೆ ತಕ್ಷಣ ಅರ್ಥವಾಯಿತು. 17 ವರ್ಷ ಕಚೇರಿಯಲ್ಲಿ ದುಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಕಡತಕ್ಕೂ ಸಹಿ ಹಾಕದ, ಆದರೆ ಒಮ್ಮೆ ಕೋಣೆಯೊಳಗೆ ಬಂದುಹೋದರೆ ಸಂಜೆವರೆಗೆ ಯಾರಿಗೂ ಕೆಲಸ ಮಾಡುವ ಹುಮ್ಮಸ್ಸು ಉಳಿಸದ ಒಬ್ಬರು ಅಲ್ಲೂ ಇದ್ದಾರೆ. ಬಡ್ತಿ ಪಟ್ಟಿ ಬಂದಾಗಲೆಲ್ಲ ಅವರ ಹೆಸರು ಮೇಲೇ ಇರುತ್ತದೆ. ಇಷ್ಟು ದಿನ ನನಗೆ ಕಾರಣ ತಿಳಿದಿರಲಿಲ್ಲ.

ಆದರೂ ನನ್ನ ಮತ ಬೇರೆ. ಅದಕ್ಕೆ 2006ಕ್ಕೆ ಹೋಗಬೇಕು.

ಆಗ ನಾನು ಡಿಗ್ರಿ ಕೊನೆಯ ವರ್ಷ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸೈಬರ್ ಕೆಫೆ. ಗಂಟೆಗೆ 15 ರೂಪಾಯಿ. ಪ್ಲೈವುಡ್ ಗೂಡುಗಳು, ಕೀಲಿಮಣೆಯ ಸಂದಿಯಲ್ಲಿ ಖಾರಾಬೂಂದಿ, ಮೂಲೆಯಲ್ಲಿ ಉರಿಯುವ ಊದುಬತ್ತಿ. ನಾಲ್ಕನೇ ನಂಬರಿನ ಕಂಪ್ಯೂಟರಿನಲ್ಲಿ ಯಾರೋ ಎಮ್ಯುಲೇಟರ್ ಹಾಕಿ ಪೋಕೆಮಾನ್ ಫೈರ್‌ರೆಡ್ ಆಟ ಇಟ್ಟಿದ್ದರು. ಪರೀಕ್ಷೆಯ ಅರ್ಜಿ ತುಂಬಲು ಹೋದವನು ಅರ್ಜಿ ಬಿಟ್ಟು ಬೇರೆಲ್ಲ ಮಾಡಿ ಬಂದೆ. ಪಕ್ಕದ ಗೂಡಿನವನೊಬ್ಬ ಮ್ಯಾಜಿಕಾರ್ಪ್ ಎಂಬ ಕೆಂಪು ಮೀನನ್ನು 500 ಕೊಟ್ಟು ಕೊಂಡಿದ್ದ. ಆಟದಲ್ಲಿ ಅದನ್ನು ಮಾರುವವನೊಬ್ಬ ಗುಡ್ಡದ ಬುಡದಲ್ಲಿ ಕಾದು ಕೂತಿರುತ್ತಾನೆ. ಆ ಮೀನಿಗೆ ಬರುವುದು ಪಟಪಟ ನೀರು ಚಿಮ್ಮಿಸುವುದೊಂದೇ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಅವನು ಆಡಿಕೊಂಡವರ ಮಧ್ಯೆ ಅದನ್ನು 20ನೇ ಹಂತದವರೆಗೆ ಸಾಕಿದ. ಒಂದು ಸಂಜೆ ಅದು ಗ್ಯಾರಡೋಸ್ ಎಂಬ ಕಡಲಸರ್ಪವಾಗಿ ಎದ್ದಾಗ ಅವನು ಕೆಫೆಗೆಲ್ಲ ಟೀ ಕುಡಿಸಿದ.

ನಾನು ಸಿಕ್ಕಿಕೊಂಡದ್ದು ಒಂದು ಗಿಡದ ಮುಂದೆ. ವರ್ಮಿಲಿಯನ್ ಎಂಬ ಬಂದರು ಪಟ್ಟಣದಲ್ಲಿ ಪಂದ್ಯದ ಮನೆಗೆ ಹೋಗುವ ದಾರಿಗೆ ಸೊಂಟದೆತ್ತರದ ಒಂದು ಗಿಡ ಅಡ್ಡ ನಿಂತಿದೆ. ಜೇಬಿನಲ್ಲಿ ಬೆಂಕಿ ಉಗುಳುವ ಪ್ರಾಣಿ ಇದ್ದರೂ ಆ ಗಿಡವನ್ನು ಸುಡುವಂತಿಲ್ಲ, ಹಾರುವಂತಿಲ್ಲ, ಬಗ್ಗಿಸಿಕೊಂಡು ನುಸುಳುವಂತೆಯೂ ಇಲ್ಲ. ಕಡಿಯುವ ವಿದ್ಯೆಯೇ ಬೇಕು. ಆ ವಿದ್ಯೆ ಇರುವುದು ಬಂದರಿನಲ್ಲಿ ನಿಂತ ಹಡಗಿನ ಕ್ಯಾಪ್ಟನ್ ಬಳಿ. ಅವನಿಗೋ ಸಮುದ್ರ ಆಗಿಬರುವುದಿಲ್ಲ, ಹೊಟ್ಟೆ ತೊಳಸಿ ಒದ್ದಾಡುತ್ತಿರುತ್ತಾನೆ. ಅವನ ಬೆನ್ನು ನೀವಿದರೆ ಮರ ಕಡಿಯುವ ವಿದ್ಯೆ ದಯಪಾಲಿಸುತ್ತಾನೆ. ಕಡಿದ ಗಿಡ, ನಾವು ಆಚೆ ಹೋಗಿ ಬರುವಷ್ಟರಲ್ಲಿ ನಮ್ಮೂರ ಲಂಟಾನದ ಹಾಗೆ ಮತ್ತೆ ಬೆಳೆದು ನಿಂತಿರುತ್ತದೆ.

ಈಗ ಪ್ರಶ್ನೆ ಬಂತಲ್ಲ, ಕಡಿಯುವ ವಿದ್ಯೆಯನ್ನು ಯಾರಿಗೆ ಕಲಿಸುವುದು? ಇರುವ ನಾಲ್ಕು ಸ್ಥಾನದಲ್ಲಿ ಒಂದನ್ನು ಇದು ತಿನ್ನುತ್ತದೆ. ಕಲಿಸಿದ ಮೇಲೆ ಮಾಮೂಲಿ ವಿದ್ಯೆಯ ಹಾಗೆ ಅಳಿಸಿ ಇನ್ನೊಂದು ಬರೆಯಲು ಬರುವುದಿಲ್ಲ. ಮೊದಮೊದಲ ಆಟಗಳಲ್ಲಂತೂ ಸಾಯುವವರೆಗೆ ಅದೇ. ಹೆಸರಾಂತ ಪ್ರಾಣಿಗೆ ಕಲಿಸಿದರೆ ಸಂಗೀತ ವಿದ್ವಾಂಸರ ಕೈಗೆ ಕತ್ತಿ ಕೊಟ್ಟು ಬೇಲಿ ಸವರಿಸಿದ ಹಾಗೆ. ಆದ್ದರಿಂದ ಅನುಭವಸ್ಥರು ಒಂದು ಬಡಪ್ರಾಣಿಯನ್ನು ಹಿಡಿದು ಕಡಿಯುವುದು, ಹೊರುವುದು, ಈಜಿಸುವುದು, ಕತ್ತಲಲ್ಲಿ ದೀಪ ಹಿಡಿಯುವುದು ಎಲ್ಲವನ್ನೂ ಅದರ ತಲೆಗೇ ಕಟ್ಟುತ್ತಾರೆ.

ನನಗೆ ಸಿಕ್ಕಿದ್ದು ಫಾರ್ಫೆಚ್ಡ್. ಅದೇ ಊರಿನ ಮನೆಯೊಂದರಲ್ಲಿ ಗುಬ್ಬಚ್ಚಿಯಂಥ ಸ್ಪಿಯರೋ ಕೊಟ್ಟರೆ ಬದಲಿಗೆ ಸಿಗುವ ಕಾಡುಬಾತು. ಅದರ ಕಂಕುಳಲ್ಲಿ ಸದಾ ಒಂದು ದಂಟು ಈರುಳ್ಳಿಸೊಪ್ಪು. ಜಪಾನಿನಲ್ಲಿ ಬಾತುಕೋಳಿ ಈರುಳ್ಳಿಸೊಪ್ಪು ಹೊತ್ತು ತಾನೇ ಮನೆಗೆ ಬಂತು ಎಂಬರ್ಥದ ಮಾತೊಂದಿದೆ. ಸಾರಿಗೆ ಬೇಕಾದ ಮಾಂಸವೂ ಅದೇ, ಒಗ್ಗರಣೆಯೂ ಅದರ ಹತ್ತಿರವೇ, ನಿಮಗೆ ಇನ್ನೇನು ಕೆಲಸ ಎಂದು. ಆ ಮಾತಿನಿಂದಲೇ ಅದಕ್ಕೆ ಅಲ್ಲಿ ಕಾಮೊನೆಗಿ ಎಂಬ ಹೆಸರು. ನನ್ನ ಬಾತು ಗಿಡ ಕಡಿಯಿತು. ಹಾರುವ ವಿದ್ಯೆ ಸಿಕ್ಕಮೇಲೆ ಊರಿಂದೂರಿಗೆ ಹೊತ್ತೊಯ್ಯಿತು. ಈ ಆಟದಲ್ಲಿ ಚಾರಿಜಾರ್ಡಿಗೂ ಹಾರಲು ಬರುತ್ತಿತ್ತು. ಆದರೆ ಮನೆಯ ಕಾರು ಗ್ಯಾರೇಜಿನಲ್ಲಿ ಹೊಳೆಯುತ್ತಿರಲಿ ಎಂದು ಬೈಕಿನಲ್ಲೇ ತರಕಾರಿ ತರುವ ಜನ ನಾವು. ಕಾದಾಟಕ್ಕೆ ಮಾತ್ರ ಬಾತನ್ನು ನಾನು ಒಮ್ಮೆಯೂ ಇಳಿಸಲಿಲ್ಲ. ಒಂದು ದಿನ ಹೋಗಿ ನೋಡುತ್ತೇನೆ, ನಾಲ್ಕನೇ ನಂಬರಿನ ಪರದೆಯ ಮೇಲೆ ಹುಲ್ಲುಗಾವಲಿನ ಹೊಸ ಚಿತ್ರ, ಬೇರೇನೂ ಇಲ್ಲ. ವೈರಸ್ ಬಂದಿತ್ತು, ಫಾರ್ಮ್ಯಾಟ್ ಹೊಡೆಸಿದೆ ಅಂದ ಮಾಲೀಕ. ಎಂಟು ಪದಕಗಳಲ್ಲಿ ಏಳನ್ನು ಗೆದ್ದಿದ್ದೆ. ಮನೆಗೆ ನಡೆದು ಬರುವಾಗ ನೆನಪಾದದ್ದು ಪದಕಗಳಲ್ಲ, ಆ ಈರುಳ್ಳಿಸೊಪ್ಪು.

ಇದನ್ನೆಲ್ಲ ನಾನು ಸ್ವಲ್ಪ ಗದ್ಗದಿತನಾಗಿಯೇ ಹೇಳಿದೆ. ಅಳಿಯ ಸಮಾಧಾನ ಮಾಡಿದ: "ಮಾಮ, ಈಗ ಆ ಸಿಸ್ಟಮ್ಮೇ ಇಲ್ಲ. ಸನ್ ಮತ್ತು ಮೂನ್‌ನಿಂದ ತೆಗೆದುಬಿಟ್ರು. ಬೇಕಾದಾಗ ಬೇರೆ ಪ್ರಾಣಿ ಬಂದು ಹತ್ತಿಸ್ಕೊಂಡು ಹೋಗುತ್ತೆ, ಊಬರ್ ತರ." ಅಷ್ಟೇ ಅಲ್ಲ, ಎಲ್ಲರೂ ಹೀಗೆ ದುಡಿಸಿಕೊಂಡ ಬೀಡೂಫ್ ಎಂಬ ಹಲ್ಲುಬ್ಬು ಪ್ರಾಣಿಯೊಂದಿದೆ. 2021ರ ಜುಲೈ 1ನ್ನು ಕಂಪನಿಯವರೇ ಬೀಡೂಫ್ ದಿನ ಎಂದು ಆಚರಿಸಿ, ಆಮೇಲೆ ಅದರ ಮೇಲೊಂದು ಪುಟ್ಟ ಕಾರ್ಟೂನ್ ಚಿತ್ರವನ್ನೂ ಬಿಟ್ಟರಂತೆ. ಕಾಡುಬಾತಿಗೆ ಒಂದು ಶಾಲು ಹೊದಿಸಿದವರೂ ಇಲ್ಲ.

ಅಷ್ಟರಲ್ಲಿ ಮಗ ಅಬ್ರಾ ಎಂಬ ಪ್ರಾಣಿಯ ವಿವರ ಗಟ್ಟಿಯಾಗಿ ಓದುತ್ತಿದ್ದ. ದಿನಕ್ಕೆ 18 ಗಂಟೆ ನಿದ್ದೆ. ಬರುವ ವಿದ್ಯೆ ಒಂದೇ, ಅಪಾಯ ಕಂಡರೆ ಇದ್ದಲ್ಲಿಂದ ಮಾಯವಾಗುವುದು.

"ಅದನ್ನ ಹಿಡಿಯೋದೇನು ಬೇಡ, ಮನೇಲೇ ಒಂದಿದೆ," ಅಂದಳು ನನ್ನ ಹೆಂಡತಿ, ಕಾವಲಿಗೆ ಎಣ್ಣೆ ಸವರುತ್ತ. "ಗ್ಯಾಸ್ ಸಿಲಿಂಡರ್ ಬಂತು ಅಂದ್ರೆ ಸಾಕು, ಮಾಯ."

ಅಬ್ರಾದ ಮಾನ ಉಳಿಸುವುದು ನನ್ನ ಕರ್ತವ್ಯವಾಯಿತು. ಅದೇ ಅಬ್ರಾ ಬೆಳೆದು ಕಡಾಬ್ರಾ ಆಗುತ್ತದೆ, ಕಡಾಬ್ರಾವನ್ನು ಇನ್ನೊಬ್ಬರ ಕೈಗೆ ದಾಟಿಸಿದರೆ ಮಹಾಮೇಧಾವಿ ಅಲಕಜಾಮ್ ಆಗುತ್ತದೆ ಎಂದು ವಿವರಿಸಿದೆ.

"ಇನ್ನೊಬ್ಬರಿಗೆ ಕೊಟ್ಟುಬಿಟ್ರೆ ಉದ್ಧಾರ ಆಗುತ್ತಾ?" ಅವಳು ಸಟ್ಟುಗ ಹಿಡಿದು ಒಂದು ಕ್ಷಣ ನಿಂತಳು. "ನೋಡೋಣ, ಯಾರಾದ್ರೂ ತಗೋತಾರೇನೋ."

ಕೊನೆಗೆ ಅಮ್ಮನೇ ಹೊರಗೆ ಬಂದು ಕೂತಳು. ಅವಳದು ತೀರ್ಥಹಳ್ಳಿ ಸೀಮೆಯ ತವರು, ಕೊಟ್ಟಿಗೆಯಲ್ಲಿ ಹದಿನಾಲ್ಕು ದನ ಕಂಡವಳು. ಅವಳ ಪ್ರಶ್ನೆಗಳು ಬೇರೆಯೇ. ಇವಕ್ಕೆ ಮೇವು ಯಾರು ಹಾಕುತ್ತಾರೆ? ಸಗಣಿ? ಹಾಲು ಕೊಡುವುದು ಒಂದೂ ಇಲ್ಲವೇ?

ಇದೆ. ಅಳಿಯ ಫೋನಿನಲ್ಲಿ ಚಿತ್ರ ತೋರಿಸಿದ. ಗುಲಾಬಿ ಮೈ, ಪುಟ್ಟ ಕೊಂಬು, ದುಂಡು ಹೊಟ್ಟೆ, ಎರಡು ಕಾಲಿನ ಮೇಲೆ ನಿಂತ ಹಸು. ಮಿಲ್ಟ್ಯಾಂಕ್. ಆಟದ ವಿವರಣೆಯ ಪ್ರಕಾರ ದಿನಕ್ಕೆ 20 ಲೀಟರ್ ಹಾಲು ಕೊಡುತ್ತದೆ. ಹಾಲು ಆಗದವರು ಅದನ್ನು ಮೊಸರು ಮಾಡಿಕೊಂಡು ತಿನ್ನುತ್ತಾರೆ ಎಂದೂ ಅಲ್ಲಿ ಬರೆದಿದೆ.

"ಮೊಸರು ಅಂತ್ಲೂ ಬರ್ದಿದಾರಾ?" ಅಮ್ಮ ಕನ್ನಡಕ ತರಿಸಿದಳು. ಜಪಾನಿನವರ ಮೇಲೆ ಅವಳಿಗೆ ಗೌರವ ಮೂಡಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. "ಜಗಳನೂ ಆಡುತ್ತೆ, 20 ಲೀಟರ್ ಹಾಲೂ ಕೊಡುತ್ತೆ. ಮತ್ತೆ ಇಷ್ಟೊತ್ತು ಏನು ಮಾತಾಡ್ತಿದ್ರಿ?"

ಮಿಲ್ಟ್ಯಾಂಕುಗಳಲ್ಲಿ ಗಂಡೇ ಇಲ್ಲ, ಎಲ್ಲವೂ ಹೆಣ್ಣು ಎಂದು ಮಗ ಹೇಳಿದಾಗ ಮಾತ್ರ ಅವಳು ತುಸು ಯೋಚಿಸಿ, "ಹಾಗಾದ್ರೆ ಕರು ಎಲ್ಲಿಂದ?" ಎಂದು ಕೇಳಿದಳು. ಅಳಿಯ ಕಾಫಿ ತರಲು ಒಳಗೆ ಹೋದ. ಅವನು ಕಾಫಿ ಕುಡಿಯುವುದಿಲ್ಲ.

ಅವನು ಹೊರಡುವ ಹಿಂದಿನ ರಾತ್ರಿ ಒಂದು ತೊಡಕು ಎದುರಾಯಿತು. ಈ ಕಾರ್ಟ್ರಿಡ್ಜಿನಲ್ಲಿ ಒಬ್ಬರ ಆಟ ಮಾತ್ರ ಉಳಿಯುತ್ತದೆ. ಮಗ ಹೊಸದಾಗಿ ಶುರು ಮಾಡಬೇಕಾದರೆ ಅಳಿಯನ ಹಳೆಯ ಆಟ ಅಳಿಯಬೇಕು. 2010ರಲ್ಲಿ, ಎಂಟು ವರ್ಷದವನಿದ್ದಾಗ ಶುರು ಮಾಡಿದ್ದು. ಅಳಿಸುವ ಮುಂಚೆ ಒಮ್ಮೆ ತೆರೆದು ತೋರಿಸಿದ. ಆರು ಪ್ರಾಣಿಗಳಲ್ಲಿ ಐದು ಬಲಾಢ್ಯರು. ಇನ್ನೊಂದು ಫರೆಟ್, ಉದ್ದನೆಯ ಮುಂಗುಸಿಯಂಥದ್ದು. ಉಳಿದವರ ಅರ್ಧದಷ್ಟೂ ಬೆಳೆದಿಲ್ಲ. ಅದಕ್ಕೆ ಬರುತ್ತಿದ್ದದ್ದು ಕಡಿಯುವುದು, ಈಜಿಸುವುದು, ಹೊರುವುದು. ಆಟದಲ್ಲಿ ಅದು ಅವನ ಬೆನ್ನಹಿಂದೆಯೇ ಪುಟಪುಟ ಬರುತ್ತಿತ್ತು. ಹಾರ್ಟ್‌ಗೋಲ್ಡಿನಲ್ಲಿ ಸಾಲಿನ ಮೊದಲನೆಯದು ಹಾಗೆ ಹಿಂಬಾಲಿಸುತ್ತದೆ. ಅದಕ್ಕೆ ಅವನಿಟ್ಟ ಹೆಸರು ಆಟೋ.

"ಆಟೋನಾ?"

"ಆ ವರ್ಷ ಸಮ್ಮರಲ್ಲಿ ಇಲ್ಲಿಗೆ ಬಂದಿದ್ನಲ್ಲ ಮಾಮ. ನೀವು ದಿನಾ ಆಟೋದಲ್ಲಿ ಸುತ್ತಿಸ್ತಿದ್ರಿ."

ಇನ್ಸಿನರೋರಿನ ಬಗ್ಗೆ ಎರಡು ವಾರ ಉಪನ್ಯಾಸ ಕೊಟ್ಟವನು ಇವನೇ. ಮೇಲಿನ ಬಾಣ, ಸೆಲೆಕ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿ, ಖಚಿತವೇ ಎಂದು ಆಟ ಕೇಳಿದ್ದಕ್ಕೆ ಹೌದು ಎಂದು, ಡಿಎಸ್ಸನ್ನು ಮಗನ ಕೈಗಿಟ್ಟು, ಒಳಗೆ ಸೆಕೆ ಎಂದು ಜಗಲಿಗೆ ಹೋದ. ಡಿಸೆಂಬರಿನಲ್ಲಿ ಶಿವಮೊಗ್ಗದಲ್ಲಿ ಸೆಕೆ.

ಮಗ ತನ್ನ ನಿಷ್ಠೆ ಬಿಡದೆ ಬೆಂಕಿ ಮರಿ ಸಿಂಡಾಕ್ವಿಲನ್ನೇ ಆರಿಸಿಕೊಂಡ. ಅದು ಬೆಳೆದು ಕ್ವಿಲಾವಾ ಆಯಿತು. ಎರಡು ಪದಕ ಗೆದ್ದು ಜನವರಿ ಮೂರನೇ ವಾರ ಗೋಲ್ಡನ್‌ರಾಡ್ ಎಂಬ ಊರು ಮುಟ್ಟಿದ. ಅಲ್ಲಿನ ಪಂದ್ಯದ ಮನೆಯ ಒಡತಿ ವಿಟ್ನಿ, ಗುಲಾಬಿ ಕೂದಲಿನ ಹುಡುಗಿ. ಅವಳ ಕೊನೆಯ ಪ್ರಾಣಿ ಚೆಂಡಿನಿಂದ ಹೊರಬಂದಾಗ ಮಗ ಬಾಯಿ ತೆರೆದ.

ಮಿಲ್ಟ್ಯಾಂಕ್.

ಮೊದಲು ಅದು ಕ್ವಿಲಾವಾಕ್ಕೆ ಕಣ್ಣು ಹೊಡೆಯಿತು. ಕ್ವಿಲಾವಾ ಗಂಡು. ಮರುಳಾಗಿ ಸರದಿ ಬಂದರೂ ಬೆಂಕಿ ಉಗುಳದೆ ನಿಂತಿತು. ಆಮೇಲೆ ಹಸು ಗೋಲಿಯಂತೆ ಸುತ್ತಿಕೊಂಡು ಉರುಳತೊಡಗಿತು. ಈ ಉರುಳು ಒಂದೊಂದು ಸುತ್ತಿಗೂ ಎರಡರಷ್ಟು ಬಲವಾಗುತ್ತದೆ, ಅದರಲ್ಲೂ ಬೆಂಕಿಯವರಿಗೆ ಇದು ಪ್ರಾಣಾಂತಿಕ. ಹೇಗೋ ನಾಲ್ಕು ಏಟು ಕೊಟ್ಟು ಅರ್ಧ ಸುಸ್ತು ಮಾಡಿದರೆ, ತನ್ನ ಹಾಲನ್ನು ತಾನೇ ಕುಡಿದು ಮತ್ತೆ ಗಟ್ಟಿಯಾಯಿತು. ಮೂರು ದಿನ, ಏಳು ಸೋಲು. ಅಮ್ಮ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಬಂದು ಪಕ್ಕ ಕೂತು ನೋಡುತ್ತಿದ್ದಳು. ಮೊಮ್ಮಗನ ಕಡೆಗೆ ಎಂದು ಹೇಳುತ್ತಿದ್ದಳಾದರೂ ಹಸು ಉರುಳಿದಾಗಲೆಲ್ಲ ಅವಳ ಕಣ್ಣು ಅರಳುತ್ತಿತ್ತು. "ನಮ್ಮ ಕಪಿಲೆನೂ ಹೀಗೇ. ಕರೆಯೋಕೆ ಕೂತ್ರೆ ಗಿಂಡಿ ಸಮೇತ ಒದೀತಿತ್ತು. ಕೊಡ್ತಿದ್ದ ಹಾಲು ಮಾತ್ರ ಗಟ್ಟಿ."

ಕೊನೆಗೆ ನ್ಯೂಜೆರ್ಸಿಗೆ ವಿಡಿಯೊ ಕರೆ ಹೋಯಿತು. ಅಲ್ಲಿ ಬೆಳಗಿನ ಒಂಬತ್ತು. ಅಳಿಯ ಹಲ್ಲುಜ್ಜುತ್ತಲೇ ಹೇಳಿದ: ಊರ ಹೊರಗಿನ ಹುಲ್ಲಿನಲ್ಲಿ ಡ್ರೌಜಿ ಹಿಡಿ, ಅಂಗಡಿ ಮಾಳಿಗೆಯಲ್ಲೊಬ್ಬ ಅದಕ್ಕೆ ಬದಲು ಮಚಾಪ್ ಕೊಡುತ್ತಾನೆ. ಮಚಾಪ್ ಗರಡಿಯಾಳು. ಎಂಟನೆಯ ಸಲ ಹಸು ಬಿತ್ತು. ಬಿದ್ದದ್ದೇ ತಡ ವಿಟ್ನಿ ಗೊಳೋ ಎಂದು ಅಳಲು ಶುರು ಮಾಡಿದಳು. ಪದಕವನ್ನೂ ಕೊಡಲಿಲ್ಲ. ಅದು ಆಟದಲ್ಲೇ ಇರುವುದು, ಸ್ವಲ್ಪ ಹೊತ್ತಿಗೆ ಕೊಡುತ್ತಾಳೆ. ಆದರೆ ಅಮ್ಮನಿಗೆ ಅದು ಗೊತ್ತಿಲ್ಲ.

"ಹಸೂನ ಹೊಡ್ದು ಹುಡುಗೀನ ಅಳಿಸಿದ್ಯಲ್ಲೋ," ಎಂದು ಎದ್ದು ಹೋದಳು.

ಅವಳು ಮತ್ತೆ ಬಂದು ಕೂತದ್ದು ಹತ್ತು ದಿನದ ಮೇಲೆ, ಮಗ ಮೂಮೂ ಫಾರ್ಮ್ ಎಂಬ ಕೊಟ್ಟಿಗೆ ಮನೆ ತಲುಪಿದಾಗ. ಅಲ್ಲೊಂದು ಮಿಲ್ಟ್ಯಾಂಕಿಗೆ ಹುಷಾರಿಲ್ಲ. ಓರನ್ ಎಂಬ ಹಣ್ಣು ಏಳು ತಿನ್ನಿಸಿದರೆ ಸರಿಹೋಗುತ್ತದೆ. ಮಗನ ಬಳಿ ಎರಡೇ ಇದ್ದವು, ಮುಂದಿನ ಪದಕದ ಅವಸರವೂ ಇತ್ತು. ಅಮ್ಮ ಬಿಡಲಿಲ್ಲ. ಕಾಯಿಲೆ ದನ ಕಂಡೂ ದಾಟಿಹೋಗುವ ವಂಶವಲ್ಲ ನಮ್ಮದು ಅಂದಳು. ಅವನು ಗೊಣಗುತ್ತ ಎಲ್ಲೆಲ್ಲೋ ಅಲೆದು, ನಾಲ್ಕು ಸಂಜೆ ಕಳೆದು ಐದು ಹಣ್ಣು ಕೂಡಿಸಿದ. ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಅಜ್ಜಿ ಮೊಮ್ಮಗ ಒಂದೇ ಕಂಬಳಿಯೊಳಗೆ ಕೂತು ತಿನ್ನಿಸತೊಡಗಿದರು. ಅಮ್ಮ ಎಣಿಸುತ್ತಿದ್ದಳು. ಏಳನೆಯದಕ್ಕೆ ಹಸು ಚೇತರಿಸಿಕೊಂಡಿತು.

"ಇವತ್ತೇ ಕರೀಬೇಡಿ ಅಂತ ಹೇಳು ಅವರಿಗೆ," ಅಂದಳು ಅಮ್ಮ. "ಸುಸ್ತಾಗಿದೆ. ಎರಡು ದಿನ ಹೋಗ್ಲಿ."

ಮಗ ಅಷ್ಟರಲ್ಲಿ ಒಳಗೆ ಹೋಗಿ, 500 ಕೊಟ್ಟು ಒಂದು ಬಾಟಲಿ ಹಾಲು ಕೊಂಡಾಗಿತ್ತು. ಅವತ್ತು ರಾತ್ರಿ ಅಮ್ಮ ಅವನ ಜತೆ ಮಾತಾಡಲಿಲ್ಲ.